ಹೊಂಗೆ ಮರ ಚಿಗುರಿತ್ತಾ?

ನಮ್ಮೂರು ಚಾಮರಾಜನಗರ. ಈ ಊರಿಗೆ ಕಾಲಿಟ್ಟರೆ ಮುಖ್ಯಮಂತ್ರಿಗಳ ಕುರ್ಚಿ ಹೋಗುತ್ತೆ ಅನ್ನೋ ಮಾತನ್ನ ನೀವೂ ಕೇಳಿರ್ತೀರಿ. 1997ರಲ್ಲಿ ನಮ್ಮದು ಜಿಲ್ಲೆ ಆದಾಗಲೂ ಉದ್ಘಾಟನೆ ಊರಲ್ಲಿ ಆಗಲಿಲ್ಲ, ಮಲೆ ಮಹದೇಶ್ವರ ಬೆಟ್ಟದಲ್ಲಿ ಆಯಿತು. ಆಮೇಲೆ ಸಿದ್ದರಾಮಯ್ಯನವರು 2013ರಿಂದ ಹಲವು ಸಲ ಬಂದು ಹೋದರು, 2023ರಲ್ಲಿ ಮತ್ತೆ ಮುಖ್ಯಮಂತ್ರಿಯೂ ಆದರು. ಈಗ ಆ ಮಾತಿಗೆ ಮೊದಲಿನ ಜೋರಿಲ್ಲ.

ಈ ವಿಷಯ ಬಂದಾಗಲೆಲ್ಲ ನಮ್ಮಪ್ಪ ನಗುತ್ತಿದ್ದ. "ನಾವು ದಿನಾ ಬೆಳಿಗ್ಗೆ ಎದ್ದು ಇದೇ ಊರಲ್ಲೇ ಕಾಲಿಡ್ತೀವಿ ಕನಾ ಮಗ. ಹೋಗಕ್ಕೆ ನಮಗೆ ಕುರ್ಚಿನೇ ಇಲ್ವಲ್ಲ!"

ಕಾಲಿಡೋದು ಅಂದರೆ ಅಪ್ಪ ನಿಜವಾಗಿಯೂ ಕಾಲಿಡುತ್ತಿದ್ದ. ಅವನು ಕರೆಂಟ್ ಆಫೀಸಿನಲ್ಲಿ ಮೀಟರ್ ರೀಡರ್. ಇಪ್ಪತ್ತೆಂಟು ವರ್ಷ ಮನೆ ಮನೆ ತಿರುಗಿದ. ಯಾರ ಮನೆಯ ಮೀಟರ್ ಎಲ್ಲಿದೆ, ಯಾವ ಮನೆಯಲ್ಲಿ ನಾಯಿ ಇದೆ, ಯಾವ ಮನೆಯ ಅಜ್ಜಿ ಮಜ್ಜಿಗೆ ಕೊಡುತ್ತಾಳೆ, ಯಾರ ಮನೆಯಲ್ಲಿ ಬಿಲ್ ಕಟ್ಟಕ್ಕಾಗದೆ ಫ್ಯೂಸ್ ಕಿತ್ತಿದ್ದಾರೆ, ಎಲ್ಲ ಅವನ ಬಾಯಲ್ಲೇ ಇತ್ತು. 2010ರಲ್ಲಿ ರಿಟೈರ್ ಆದ. ಆದರೆ ಕಾಲು ರಿಟೈರ್ ಆಗಲಿಲ್ಲ.

ನಾವು ಕಥೋಲಿಕ ಕ್ರೈಸ್ತರು. ತಪಸ್ಸುಕಾಲ ಅಂತ ನಮ್ಮಲ್ಲಿ ನಲವತ್ತು ದಿನದ ಒಂದು ವ್ರತದ ಕಾಲ ಇದೆ. ವಿಭೂತಿ ಬುಧವಾರದಿಂದ ಶುರುವಾಗಿ ಈಸ್ಟರ್ ಹಬ್ಬದ ತನಕ. ಈ ಕಾಲದ ಪ್ರತಿ ಶುಕ್ರವಾರ ಚರ್ಚಿನಲ್ಲಿ ಶಿಲುಬೆ ಹಾದಿ ಮಾಡುತ್ತೇವೆ. ಯೇಸುಸ್ವಾಮಿಗೆ ಮರಣದಂಡನೆ ಆದಲ್ಲಿಂದ ಸಮಾಧಿ ಮಾಡುವವರೆಗೆ ಹದಿನಾಲ್ಕು ಚಿತ್ರಗಳು ಗೋಡೆಯ ಮೇಲೆ ಇರುತ್ತವೆ. ಒಂದೊಂದರ ಮುಂದೆಯೂ ನಿಂತು, ಮಂಡಿಯೂರಿ, ಜಪ ಮಾಡಿ ಮುಂದಕ್ಕೆ ಹೋಗುವುದು. ಅದನ್ನು 'ಸ್ಥಳ' ಅನ್ನುತ್ತೇವೆ. ಒಂದನೆಯ ಸ್ಥಳ, ಎರಡನೆಯ ಸ್ಥಳ, ಹೀಗೆ.

ಇದರ ಹಿಂದೆ ಒಂದು ಕಥೆ ಇದೆ. ಹಿಂದೆ ಭಕ್ತರು ಯೆರೂಸಲೇಮಿಗೇ ಹೋಗಿ ಯೇಸುಸ್ವಾಮಿ ಶಿಲುಬೆ ಹೊತ್ತ ಬೀದಿಗಳಲ್ಲಿ ನಡೆಯುತ್ತಿದ್ದರು. ಅಷ್ಟು ದೂರ ಹೋಗಲಾರದವರಿಗಾಗಿ ಯುರೋಪಿನ ಊರುಗಳಲ್ಲೇ ಆ ಸ್ಥಳಗಳನ್ನು ಮಾಡಿಕೊಂಡರು. ಫ್ರಾನ್ಸಿಸ್ಕನ್ ಸನ್ಯಾಸಿಗಳು ಇದನ್ನು ಊರೂರಿಗೂ ಹಬ್ಬಿಸಿದರು. 1731ರಲ್ಲಿ ಪೋಪ್ ಹನ್ನೆರಡನೇ ಕ್ಲೆಮೆಂಟ್ ಸ್ಥಳಗಳು ಹದಿನಾಲ್ಕು ಅಂತ ಗೊತ್ತು ಮಾಡಿ, ಎಲ್ಲ ಚರ್ಚುಗಳಲ್ಲೂ ಇಟ್ಟುಕೊಳ್ಳಲು ಒಪ್ಪಿಗೆ ಕೊಟ್ಟರು. ಅಂದರೆ ಇದು ಮೊದಲಿಗೆ ಬೀದಿಯಲ್ಲಿ ಇದ್ದದ್ದು, ಆಮೇಲೆ ಗೋಡೆಗೆ ಬಂದದ್ದು.

ಅಪ್ಪ ಅದನ್ನು ಮತ್ತೆ ಬೀದಿಗೆ ತಂದ. ಯಾರನ್ನೂ ಕೇಳಲಿಲ್ಲ, ಯಾರಿಗೂ ಹೇಳಲೂ ಇಲ್ಲ. ಸಂಜೆ ಎಲ್ಲರ ಜೊತೆ ಚರ್ಚಿಗೆ ಬರುತ್ತಿದ್ದ. ಆದರೆ ಅವನ ಸ್ವಂತದ ಶಿಲುಬೆ ಹಾದಿ ಬೆಳಗಿನ ಜಾವ ಐದಕ್ಕೇ ಮುಗಿಯುವ ದಾರಿಯಲ್ಲಿರುತ್ತಿತ್ತು. ಚಾಮರಾಜನಗರದ ಒಳಗೇ ಹದಿನಾಲ್ಕು ಜಾಗ ಗುರುತು ಮಾಡಿಕೊಂಡಿದ್ದ.

ಒಂದನೆಯ ಸ್ಥಳ, ತೀರ್ಪು ಆಗುವ ಜಾಗ, ಕೋರ್ಟಿನ ಗೇಟು. ಎರಡನೆಯದು ಮೂಟೆ ಹೊರುವ ಹಮಾಲಿಗಳು ಕೂರುವ ಕಟ್ಟೆ. ನಾಲ್ಕನೆಯದು ತಾಯಿ ಮಗನನ್ನು ಎದುರುಗೊಳ್ಳುವುದು. ಅದು ಬಸ್ ಸ್ಟ್ಯಾಂಡು. "ಬೆಂಗಳೂರು ಬಸ್ಸಿಗೆ ಮಕ್ಕಳನ್ನ ಹತ್ತಿಸಿ ಸೆರಗಲ್ಲಿ ಕಣ್ಣೊರೆಸ್ಕೊಳ್ಳೋ ಅವ್ವಂದಿರನ್ನ ಅಲ್ಲಿ ನೋಡು" ಅನ್ನುತ್ತಿದ್ದ. ಹತ್ತನೆಯ ಸ್ಥಳದಲ್ಲಿ ಯೇಸುಸ್ವಾಮಿಯ ಬಟ್ಟೆ ಕಳಚುತ್ತಾರೆ. ಅಪ್ಪ ಅದನ್ನು ದೊಡ್ಡಂಗಡಿ ಬೀದಿಯ ಕಡೆ ಒಂದು ಗಿರವಿ ಅಂಗಡಿಯ ಮುಂದೆ ಇಟ್ಟಿದ್ದ. "ಮೈಮೇಲಿರೋದನ್ನ ಬಿಚ್ಚಿ ಕೊಡೋ ಜಾಗ ಅದೇ ತಾನೆ?" ಹನ್ನೆರಡನೆಯದು ರೈಲ್ವೆ ಸ್ಟೇಷನ್ನು. ಮೈಸೂರಿನಿಂದ ಬರುವ ಹಳಿ ನಮ್ಮೂರಲ್ಲೇ ಮುಗಿಯುತ್ತದೆ. ಮುಂದೆ ಸತ್ಯಮಂಗಲದ ಕಡೆಗೆ, ಮೇಟ್ಟುಪಾಳ್ಯಂವರೆಗೆ ಹಳಿ ಹಾಕುವ ಮಾತು ಬಹಳ ಹಳೆಯದು. ನಡುವೆ ಕಾಡು ಇದೆ, ಹಳಿ ಬಂದಿಲ್ಲ. ಹಳಿ ಮುಗಿಯುವ ಜಾಗದಲ್ಲಿ ನಿಂತು ಅಪ್ಪ ಸ್ವಾಮಿಯ ಮರಣವನ್ನು ನೆನೆಯುತ್ತಿದ್ದ.

ಏಳನೆಯ ಸ್ಥಳ ಚಾಮರಾಜೇಶ್ವರ ದೇವಸ್ಥಾನದ ರಥದ ಬೀದಿ. ಆಷಾಢದ ತೇರಿಗೆ ಹೊಸದಾಗಿ ಮದುವೆಯಾದ ಜೋಡಿಗಳೆಲ್ಲ ಬಂದು ಹಣ್ಣು ಜವನ ಎಸೆಯುತ್ತಾರಲ್ಲ, ಆ ಬೀದಿ. 2017ರಲ್ಲಿ ಆ ತೇರಿಗೆ ಬೆಂಕಿ ಬಿತ್ತು. ಹೊಸ ತೇರು ಬಂದು ಮತ್ತೆ ರಥೋತ್ಸವ ಆಗಿದ್ದು 2022ರಲ್ಲಿ. ಏಳನೆಯ ಸ್ಥಳದಲ್ಲಿ ಯೇಸುಸ್ವಾಮಿ ಎರಡನೇ ಸಲ ಬೀಳುತ್ತಾರೆ. "ಬೀಳೋದು ಸ್ವಾಮಿ ಒಬ್ರೇ ಅಲ್ಲ ಮಗ, ಊರೂ ಬೀಳ್ತದೆ. ತೇರು ಇಲ್ದಿದ್ದ ವರ್ಷ ಆ ಜನದ ಮುಖ ನೋಡಿದ್ದೀಯಾ?" ಅಂದಿದ್ದ.

ಎಂಟನೆಯ ಸ್ಥಳ ಮಾತ್ರ ಅಪ್ಪ ಬದಲಾಯಿಸಿದ. ಅಲ್ಲಿ ಯೇಸುಸ್ವಾಮಿ ಅಳುವ ಹೆಂಗಸರನ್ನು ಸಂತೈಸುತ್ತಾರೆ. ಮೊದಲು ಅದು ಒಂದು ಬೋರ್‌ವೆಲ್ ಪಕ್ಕ ಇತ್ತು. 2021ರ ಮೇ 2ರ ರಾತ್ರಿ ನಮ್ಮ ಜಿಲ್ಲಾಸ್ಪತ್ರೆಯಲ್ಲಿ ಆಕ್ಸಿಜನ್ ಸಾಲದೆ ಹೋದ ಕಥೆ ದೇಶಕ್ಕೇ ಗೊತ್ತು. ಒಂದು ದಿನದೊಳಗೆ 24 ಜನ ತೀರಿಕೊಂಡರು ಅಂತ ಮೊದಲು ಸುದ್ದಿ ಬಂತು, ಆಮೇಲೆ ಲೆಕ್ಕ ಇನ್ನೂ ಹೆಚ್ಚಾಯಿತು. ಮುಂದಿನ ತಪಸ್ಸುಕಾಲದಿಂದ ಅಪ್ಪನ ಎಂಟನೆಯ ಸ್ಥಳ ಆಸ್ಪತ್ರೆಯ ದಾರಿಗೆ ಬಂತು. ಅಲ್ಲಿ ಅವನು ಏನೂ ಹೇಳುತ್ತಿರಲಿಲ್ಲ. ಚಪ್ಪಲಿ ಬಿಟ್ಟು ಸುಮ್ಮನೆ ನಿಲ್ಲುತ್ತಿದ್ದ.

ಚರ್ಚಿನ ಗೋಡೆಯ ಮೇಲಿನ ಹಾಗೆ ಇವು ಸಾಲಾಗಿ ಇರಲಿಲ್ಲ. ಮೂರರಿಂದ ನಾಲ್ಕಕ್ಕೆ ಹೋಗಲು ಊರನ್ನೇ ಅಡ್ಡ ಹಾಯಬೇಕು. ಭುವನೇಶ್ವರಿ ವೃತ್ತವನ್ನಂತೂ ಮೂರು ಸಲ ದಾಟಬೇಕು. "ಹತ್ರ ಹತ್ರ ಇರೋ ಹಾಗೆ ಜೋಡಿಸ್ಕೋಬಾರ್ದಾ?" ಅಂತ ಒಂದು ಸಲ ಕೇಳಿದೆ. "ಕಷ್ಟ ಎಲ್ಲೈತೋ ಅಲ್ಲಿಗೇ ಹೋಗ್ಬೇಕು. ಅದನ್ನ ನಮ್ ಅನುಕೂಲಕ್ಕೆ ತಂದಿಟ್ಕೊಳ್ಳಕ್ಕಾಯ್ತದಾ?" ಅಂದ.

ಅಪ್ಪನದು ಇನ್ನೊಂದು ನಿಯಮ ಇತ್ತು. ಪ್ರತಿ ಸ್ಥಳದಲ್ಲೂ ಒಂದು ಪರಲೋಕ ಮಂತ್ರ, ಒಂದು ನಮೋ ಮರಿಯಾ. ಆಮೇಲೆ ಸುತ್ತ ನೋಡಬೇಕು. ಕಳೆದ ವಾರ ಇಲ್ಲದ ಒಂದು ಹೊಸದನ್ನು ಕಾಣಬೇಕು. ಮುಚ್ಚಿದ ಅಂಗಡಿ, ಹೊಸ ನಾಯಿಮರಿ, ಒಣಗಲು ಹಾಕಿದ ಚಿಕ್ಕ ಮಗುವಿನ ಬಟ್ಟೆ, ಏನಾದರೂ ಸರಿ. ಕಾಣದಿದ್ದರೆ ಆ ಸ್ಥಳ ಆದಂಗಲ್ಲ.

ಇದು ಅವನ ಕೆಲಸದಿಂದಲೇ ಬಂದ ಬುದ್ಧಿ ಅಂತ ನನಗೆ ಆಮೇಲೆ ಹೊಳೆಯಿತು. ಮನೆ ಹತ್ತಿರ ಹೋಗದೆ, ಮೀಟರ್ ನೋಡದೆ, ಹಿಂದಿನ ತಿಂಗಳ ಲೆಕ್ಕ ನೋಡಿಕೊಂಡು ಅಂದಾಜಿಗೆ ರೀಡಿಂಗ್ ಬರೆಯುವವರು ಆಗ ಕೆಲವರು ಇದ್ದರಂತೆ. ಅಪ್ಪನಿಗೆ ಅವರನ್ನು ಕಂಡರೆ ಆಗುತ್ತಿರಲಿಲ್ಲ. "ಬಿಸಿಲಲ್ಲಿ ಹೋಗಿ ನೋಡ್ದೇ ಇರೋದು ಒಂದು ತಪ್ಪು. ನೋಡ್ದೆ ಅಂತ ಬರೆಯೋದು ಎರಡನೇ ತಪ್ಪು" ಅನ್ನುತ್ತಿದ್ದ.

ಬೆಳಗಿನ ಜಾವ ಅಲ್ಲಲ್ಲಿ ನಿಂತು ಕೈ ಮುಗಿಯುವ ಮನುಷ್ಯನನ್ನು ಕಂಡು ಊರಿನವರು ಏನಂದುಕೊಂಡರೋ! ಯಾರೂ ತಡೆದದ್ದಂತೂ ಇಲ್ಲ. ನಮ್ಮ ಕಡೆ ದೇವರಿಗಾಗಿ ನಡೆಯುವುದು ಹೊಸದೇನಲ್ಲವಲ್ಲ. ಶಿವರಾತ್ರಿಗೆ ಮಾದಪ್ಪನ ಬೆಟ್ಟಕ್ಕೆ ಜನ ಕಾಲ್ನಡಿಗೆಯಲ್ಲೇ ಹೋಗುತ್ತಾರೆ. ನಮ್ಮ ತಪಸ್ಸುಕಾಲವೂ ಹೆಚ್ಚುಕಡಿಮೆ ಅದೇ ದಿನಗಳಲ್ಲಿ ಬರುತ್ತದೆ. ಪಕ್ಕದ ಮನೆಯ ಅಜ್ಜ ಬೆಟ್ಟದಿಂದ ಬಂದವನು ಕಾಲಿಗೆ ಎಣ್ಣೆ ಹಚ್ಚಿಕೊಳ್ಳುತ್ತಾ ಅಪ್ಪನನ್ನು ಕೇಳಿದ್ದು ಚೆನ್ನಾಗಿ ನೆನಪಿದೆ.

"ನಿಮ್ ಸ್ವಾಮಿನೂ ಬೆಟ್ಟಕ್ಕೆ ನಡ್ಕಂಡೇ ಹೋದ್ರಾ?"

"ಹೂಂ ಕನಣ್ಣ. ಮರ ಹೊತ್ಕಂಡು."

"ಅಯ್ಯೋ ಪಾಪ" ಅಂದ ಅಜ್ಜ. ಅಷ್ಟೇ. ಧರ್ಮಗಳ ಬಗ್ಗೆ ನಾನು ಕೇಳಿದ ಒಳ್ಳೆಯ ಮಾತುಕತೆಗಳಲ್ಲಿ ಇದೂ ಒಂದು!

ನಡೆದೇ ಬಂದ ಧರ್ಮ ಇದು ಅಂತಲೂ ಅಪ್ಪ ಹೇಳುತ್ತಿದ್ದ. ಹದಿನೇಳನೇ ಶತಮಾನದ ನಡುವಿನಲ್ಲಿ ಇಟಲಿಯ ಲಿಯೊನಾರ್ಡೊ ಚಿನ್ನಾಮಿ ಅನ್ನೋ ಯೇಸುಸಭೆಯ ಪಾದ್ರಿ ಶ್ರೀರಂಗಪಟ್ಟಣಕ್ಕೆ ಬಂದು ಮೈಸೂರು ಮಿಷನ್ ಶುರು ಮಾಡಿದರು. ಕನ್ನಡ ಕಲಿತರು, ಇಲ್ಲಿಯ ಸನ್ಯಾಸಿಗಳ ಹಾಗೆ ಬದುಕಿದರು. ಆ ಮಿಷನ್ನಿನ ಇನ್ನೊಂದು ನೆಲೆ ಸತ್ಯಮಂಗಲ. ಶ್ರೀರಂಗಪಟ್ಟಣ ಆ ಕಡೆ, ಸತ್ಯಮಂಗಲ ಈ ಕಡೆ, ನಡುವಿನ ನೆಲ ನಮ್ಮದು. "ಅವ್ರಿಗೇನು ಬಸ್ ಇತ್ತಾ?" ಅಂತ ಅಪ್ಪನ ಪ್ರಶ್ನೆ.

ಈಗ ನನ್ನ ವಿಷಯಕ್ಕೆ ಬರುತ್ತೇನೆ. ಬರೆಯಬೇಕಾಗಿದ್ದು ಇದೇ. ಇಷ್ಟು ಹೊತ್ತು ಸುತ್ತಿ ಬಳಸಿ ಬಂದೆ.

2022ರ ಕೊನೆಗೆ ಅಪ್ಪನಿಗೆ ಸ್ಟ್ರೋಕ್ ಆಯಿತು. ಬಲಗಾಲು ಎಳೆಯುತ್ತಿತ್ತು. ಮನೆಯೊಳಗೆ ಗೋಡೆ ಹಿಡಿದು ಓಡಾಡುವಷ್ಟೇ. 2023ರ ತಪಸ್ಸುಕಾಲ ಶುರುವಾದಾಗ ಒಂದು ದಿನ ನನ್ನನ್ನು ಕರೆದು ಕೂರಿಸಿಕೊಂಡ. "ಈ ವರ್ಷ ನನ್ ಬದಲು ನೀನು ನಡೆದುಬುಡು ಕೂಸು. ಸ್ಥಳ ಎಲ್ಲ ನಿಂಗೆ ಗೊತ್ತಲ್ಲ."

ಹೂಂ ಅಂದೆ.

ಮೊದಲ ಶುಕ್ರವಾರ ಐದಕ್ಕೆ ಎದ್ದೆ. ಬೈಕ್ ತೆಗೆದೆ. ಕೋರ್ಟಿನ ಗೇಟಿನ ಮುಂದೆ ಒಂದು ನಿಮಿಷ ನಿಂತೆ. ಚಳಿ. ನಾಚಿಕೆ. ಯಾರಾದರೂ ನೋಡಿದರೆ ಏನಂದುಕೊಂಡಾರು ಅನ್ನೋ ಅಳುಕು. ಸೀದಾ ಬಸ್ ಸ್ಟ್ಯಾಂಡಿಗೆ ಹೋಗಿ ಟೀ ಕುಡಿದೆ. ಇನ್ನೊಂದು ಟೀ ಕುಡಿದೆ. ಮೊಬೈಲ್ ನೋಡಿದೆ. ಒಂದೂವರೆ ಗಂಟೆ ಕಳೆದು ಮನೆಗೆ ಬಂದೆ.

"ಆಯ್ತಾ?"

"ಆಯ್ತಪ್ಪ."

"ಬಸ್ ಸ್ಟ್ಯಾಂಡಲ್ಲಿ ಏನು ಕಂಡೆ?" ಕಂಡದ್ದು ಹೇಳಿದೆ, ಅದೊಂದು ನಿಜ. ಉಳಿದ ಹದಿಮೂರಕ್ಕೆ ಅಂದಾಜಿಗೆ ರೀಡಿಂಗ್ ಬರೆದೆ. ಗಿರವಿ ಅಂಗಡಿಗೆ ಹೊಸ ಬೋರ್ಡು ಹಾಕಿದ್ದಾರೆ ಅಂದೆ. ಸ್ಟೇಷನ್ನಿನಲ್ಲಿ ಒಬ್ಬ ಮುದುಕ ಮಲಗಿದ್ದ ಅಂದೆ. ಅಪ್ಪ ಕಣ್ಣು ಮುಚ್ಚಿಕೊಂಡು ಕೇಳಿದ. ಆ ಮುದುಕನಿಗೋಸ್ಕರ ಒಂದು ನಮೋ ಮರಿಯಾ ಹೇಳಿದ. ಇಲ್ಲದ ಮುದುಕನಿಗೆ!

ಹೀಗೇ ಮೂರು ವಾರ ಆಯಿತು. ನಾಲ್ಕನೇ ಶುಕ್ರವಾರ ಅಪ್ಪ ಕೇಳಿದ, "ಒಂಬತ್ತನೇ ಸ್ಥಳದಲ್ಲಿ ಹೊಂಗೆ ಮರ ಚಿಗುರಿತ್ತಾ?"

ಒಂಬತ್ತನೆಯ ಸ್ಥಳದಲ್ಲಿ ಯೇಸುಸ್ವಾಮಿ ಮೂರನೇ ಸಲ ಬೀಳುತ್ತಾರೆ. ಜೋಡಿ ರಸ್ತೆಯಿಂದ ಒಳಗೆ ಹೋಗುವ ಒಂದು ಅಡ್ಡರಸ್ತೆಯಲ್ಲಿ, ಒಂದು ಸೈಕಲ್ ಶಾಪಿನ ಎದುರಿನ ಹೊಂಗೆ ಮರ. ರೀಡಿಂಗ್ ಮುಗಿಸಿ ಬಂದಾಗ ಅಪ್ಪ ಅದರ ನೆರಳಲ್ಲಿ ಕೂತು ಬುತ್ತಿ ಬಿಚ್ಚುತ್ತಿದ್ದ. ಯುಗಾದಿ ಹತ್ತಿರ ಬರುವ ಹೊತ್ತು, ಹೊಂಗೆ ಚಿಗುರಿಯೇ ಚಿಗುರುತ್ತದೆ, ಅದಕ್ಕೇನು ಹೋಗಿ ನೋಡಬೇಕಾ?

"ಹೂಂ, ಚೆನ್ನಾಗಿ ಚಿಗುರಿದೆ" ಅಂದೆ.

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದ. "ಸರಿ ಬುಡು" ಅಂದ. ಮುಂದಿನ ವಾರಗಳಲ್ಲಿ "ಆಯ್ತಾ?" ಅಂತ ಮಾತ್ರ ಕೇಳಿದ. ಏನು ಕಂಡೆ ಅಂತ ಕೇಳಲಿಲ್ಲ. ನನಗೆ ಅದು ಅನುಕೂಲವೇ ಆಯಿತು, ನಾನೂ ಯೋಚಿಸಲಿಲ್ಲ.

ಆ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಅಪ್ಪ ಹೋದ.

2024ರಲ್ಲಿ, ತಪಸ್ಸುಕಾಲದ ಮೊದಲ ಶುಕ್ರವಾರ, ನಾನು ನಡೆದೆ. ಯಾರೂ ಹೇಳಿರಲಿಲ್ಲ. ಐದಕ್ಕೆ ಎಚ್ಚರ ಆಯಿತು, ಮಲಗಲು ಆಗಲಿಲ್ಲ, ಅಷ್ಟೇ. ಬೈಕ್ ತೆಗೆಯಲಿಲ್ಲ. ಒಂಬತ್ತನೆಯ ಸ್ಥಳಕ್ಕೆ ಬಂದಾಗ ಬೆಳಕಾಗಿತ್ತು. ಅಡ್ಡರಸ್ತೆಗೆ ತಿರುಗಿದೆ. ಸೈಕಲ್ ಶಾಪು ಇತ್ತು. ಮರ ಇರಲಿಲ್ಲ. ಬುಡವೂ ಇರಲಿಲ್ಲ. ಆ ಜಾಗದ ಮೇಲೆ ಕಾಂಕ್ರೀಟ್ ಹಾಕಿ ಒಂದು ಸ್ಕೂಟರ್ ನಿಲ್ಲಿಸಿದ್ದರು.

ಶಾಪಿನವರು ಬಾಗಿಲು ತೆಗೆಯುತ್ತಿದ್ದರು. ಕೇಳಿದೆ. "ಅದನ್ನ ಕಡಿದು ಎರಡು ವರ್ಷ ಆಗ್ತಾ ಬಂತಲ್ಲ ಸಾರ್. ಕಡಿಯೋ ದಿನ ನಿಮ್ಮ ತಂದೆಯವರು ಇಲ್ಲೇ ಇದ್ರಲ್ಲ. ಕೊನೇ ಕೊಂಬೆ ಇಳಿಯೋವರೆಗೂ ನಿಂತಿದ್ರು" ಅಂದರು.

ಎರಡು ವರ್ಷ. ಅಂದರೆ ಅಪ್ಪನ ಕಾಲು ಚೆನ್ನಾಗಿದ್ದಾಗಲೇ. ಅಂದರೆ ನನ್ನನ್ನು ಕೇಳಿದಾಗ...

ಅಪ್ಪನಿಗೆ ಅನುಮಾನ ಬಂದು ಬೇಕಂತಲೇ ಕೇಳಿದನಾ? ಅಥವಾ ಸ್ಟ್ರೋಕ್ ಆದ ಮೇಲೆ ಅವನಿಗೆ ಮರ ಕಡಿದದ್ದೇ ಮರೆತು, ನಾನು ಹೇಳಿದ ಮೇಲೆ ನೆನಪಾಯಿತಾ? ಅವ್ವನನ್ನು ಕೇಳಿದೆ. ಅವಳಿಗೆ ಗೊತ್ತಿಲ್ಲ. ಇನ್ನು ಯಾರನ್ನೂ ಕೇಳಲು ಆಗುವುದಿಲ್ಲ. ಒಂದು ಮಾತು ಬೈದಿದ್ದರೆ ನನಗೆ ಸುಲಭ ಆಗುತ್ತಿತ್ತು. "ಸರಿ ಬುಡು" ಅಂತ ಬಿಟ್ಟುಬಿಟ್ಟ ನೋಡಿ, ಅದು ಇವತ್ತಿಗೂ ಚುಚ್ಚುತ್ತದೆ.

ಆ ದಿನ ಉಳಿದ ಐದು ಸ್ಥಳ ಹೇಗೆ ಮುಗಿಸಿದೆನೋ ನೆನಪಿಲ್ಲ.

ಅದೇ ವರ್ಷ ನನಗೆ ಗುಂಡ್ಲುಪೇಟೆಗೆ ವರ್ಗ ಆಯಿತು. ಚಾಮರಾಜನಗರದಿಂದ ತೆರಕಣಾಂಬಿ ಮೇಲೆ ಒಂದು ಗಂಟೆಯ ದಾರಿ. ವಾರವೆಲ್ಲ ಅಲ್ಲೇ ರೂಮು, ಶನಿವಾರ ಊರಿಗೆ. 2025ರ ತಪಸ್ಸುಕಾಲ ಬಂದಾಗ ಶುಕ್ರವಾರ ನಾನು ಇದ್ದದ್ದು ಗುಂಡ್ಲುಪೇಟೆಯಲ್ಲಿ. ಅಪ್ಪನ ಸ್ಥಳಗಳು ಅಲ್ಲಿ ಇಲ್ಲ. ನನ್ನವನ್ನೇ ಹುಡುಕಿಕೊಳ್ಳಬೇಕಾಯಿತು.

ಗುಂಡ್ಲುಪೇಟೆ ಗೊತ್ತಲ್ಲ, ಎಲ್ಲರೂ ದಾಟಿ ಹೋಗುವ ಊರು. ಒಂದು ರಸ್ತೆ ಊಟಿಗೆ, ಒಂದು ರಸ್ತೆ ಸುಲ್ತಾನ್ ಬತ್ತೇರಿಗೆ. ಎರಡೂ ಬಂಡೀಪುರದ ಕಾಡಿನೊಳಗೇ ಹೋಗಬೇಕು. 2009ರಿಂದ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ಕಾಡಿನಲ್ಲಿ ವಾಹನ ಬಿಡುವುದಿಲ್ಲ. ಹಾಗಾಗಿ ಕೇರಳಕ್ಕೆ ತರಕಾರಿ, ಬಾಳೆ ಹೊತ್ತ ಲಾರಿಗಳು ಕೆಲವು ಗೇಟಿನ ಹತ್ತಿರ, ಕೆಲವು ಊರಿನ ಅಂಚಿನಲ್ಲಿ ಕಾಯುತ್ತಾ ನಿಂತಿರುತ್ತವೆ. ಹಗಲಲ್ಲಿ ರಸ್ತೆ ದಾಟಲು ಆಗದ ಊರು ಬೆಳಗಿನ ಜಾವ ಐದಕ್ಕೆ ಚರ್ಚಿನಷ್ಟು ನಿಶ್ಶಬ್ದ.

ನಡೆದಾಗಲೇ ಗೊತ್ತಾಗಿದ್ದು, ಈ ಊರಿನಲ್ಲಿ ಪರವಾಸುದೇವ ದೇವಸ್ಥಾನ ಅಂತ ಒಂದು ಹಳೆಯ ಗುಡಿ ಇದೆ. 1673ರಿಂದ 1704ರವರೆಗೆ ಆಳಿದ ಚಿಕ್ಕದೇವರಾಜ ಒಡೆಯರು ತಮ್ಮ ತಂದೆಯ ನೆನಪಿಗೆ ಕಟ್ಟಿಸಿದ್ದಂತೆ. ಅಪ್ಪನಿಗಾಗಿ ರಾಜ ಗುಡಿ ಕಟ್ಟಿಸಬಹುದು. ನಮ್ಮಂಥವರು ಏನು ಮಾಡಬಹುದು? ನಡೆಯಬಹುದು. ಆ ಗುಡಿಯ ಕಡೆಗೆ ಹೋಗುವ ದಾರಿಯನ್ನು ನನ್ನ ಮೊದಲನೆಯ ಸ್ಥಳ ಮಾಡಿಕೊಂಡೆ.

ಒಂದು ಶುಕ್ರವಾರ, ತುಂತುರು ಮಳೆ. ನಾಲ್ಕು ಸ್ಥಳ ಮುಗಿಸಿ, ಸಾಕು, ರೂಮಿಗೆ ಹೋಗಿಬಿಡೋಣ ಅಂದುಕೊಂಡು ಬತ್ತೇರಿ ರಸ್ತೆಯ ಟೀ ಅಂಗಡಿಯಲ್ಲಿ ನಿಂತಿದ್ದೆ. ಲಾರಿಯಿಂದ ಇಳಿದ ಡ್ರೈವರ್ ಒಬ್ಬರು, ವಯನಾಡಿನವರು, ನನ್ನ ಕೈಯಲ್ಲಿದ್ದ ಜಪಸರ ನೋಡಿದರು. "ಕ್ರಿಸ್ತ್ಯಾನಿ?" ಅಂದರು. ಹೌದು ಅಂದೆ. ಇಷ್ಟೊತ್ತಿಗೆ ಎಲ್ಲಿಗೆ ಅಂದರು. ಶಿಲುಬೆ ಹಾದಿ ಅಂತ ಕನ್ನಡ, ಮಲಯಾಳ, ಕೈಸನ್ನೆ ಎಲ್ಲ ಸೇರಿಸಿ ಹೇಳಿದೆ. ಅವರು ನಗಲಿಲ್ಲ. ಮೊದಲೆಲ್ಲ ನೋಂಬಿನ ಕಾಲದಲ್ಲಿ ಮಲಯಾಟ್ಟೂರು ಬೆಟ್ಟ ಹತ್ತುತ್ತಿದ್ದರಂತೆ. ಈಗ ಲಾರಿ ಬಿಟ್ಟು ಹೋಗಲು ಆಗುವುದಿಲ್ಲ, ಮಾಲು ಕೊಳೆಯುತ್ತದೆ. ಹೆಂಡತಿಗೆ ಮುಂದಿನ ವಾರ ಆಪರೇಷನ್ ಅಂದರು. ಆಮೇಲೆ, "ನನಗೂ ಸೇರಿಸಿ ನಡೆಯಿರಿ ಸಾರ್" ಅಂದರು.

ಗ್ಲಾಸು ಕೈಯಲ್ಲೇ ಉಳಿಯಿತು. ಅದೇ ಮಾತು. ನನ್ ಬದಲು ನಡೆದುಬುಡು.

ಹೂಂ ಅಂದೆ. ಆರು ಗಂಟೆ ಆಗುತ್ತಾ ಬಂತು, ಅವರು ಲಾರಿ ಸ್ಟಾರ್ಟ್ ಮಾಡಿ ಹೋದರು. ನಾನು ನಡೆದೆನೋ ಬಿಟ್ಟೆನೋ ಅವರಿಗೆ ಯಾವತ್ತೂ ಗೊತ್ತಾಗುವುದಿಲ್ಲ. ಅಪ್ಪನ ಹಾಗೆ ಮನೆಯಲ್ಲಿ ಕೂತು "ಆಯ್ತಾ?" ಅಂತ ಕೇಳುವವರೂ ಇಲ್ಲ. ಮಳೆ ಜೋರಾಯಿತು. ಉಳಿದ ಹತ್ತು ಸ್ಥಳ ನೆನೆದುಕೊಂಡೇ ನಡೆದೆ. ಪ್ರತಿ ಸ್ಥಳದಲ್ಲೂ ನಿಂತು ಸುತ್ತ ನೋಡಿದೆ. ಬಾಗಿಲ ಮುಂದೆ ಮಳೆಯಲ್ಲಿ ಅಳಿಸುತ್ತಿದ್ದ ರಂಗೋಲಿ. ಟಾರ್ಪಾಲಿನ ಕೆಳಗೆ ಮೈ ಮುದುಡಿ ಕೂತ ಸೊಪ್ಪಿನ ಹೆಂಗಸು. ಶಟರ್ ಕೆಳಗೆ ಬಾಲ ಮಾತ್ರ ಕಾಣುತ್ತಿದ್ದ ನಾಯಿ. ಆಫೀಸಿಗೆ ತಡ ಆಯಿತು, ನೆಗಡಿಯೂ ಆಯಿತು!

ದರ್ಶನ ಗಿರ್ಶನ ಏನೂ ಆಗಲಿಲ್ಲ. ಮನಸ್ಸು ಹಗುರ ಆಯಿತು ಅಂತ ಹೇಳಿದರೂ ಸುಳ್ಳಾಗುತ್ತದೆ. ಆದರೆ ಒಂದು ತಿಳಿಯಿತು. ಇನ್ನೊಬ್ಬರ ಬದಲು ನಾವು ನಡೆಯಬಹುದು. ನಡೆಯದೆ ನಡೆದೆ ಅನ್ನುವುದು ಮಾತ್ರ ಆಗುವುದಿಲ್ಲ. ಪ್ರಾರ್ಥನೆಯ ಮಾತುಗಳನ್ನು ಹಾಸಿಗೆಯಲ್ಲಿ ಮಲಗಿಯೂ ಹೇಳಬಹುದು, ದೇವರು ಕೇಳಿಸಿಕೊಳ್ಳುತ್ತಾನೆ. ಆದರೆ ಆ ಸೊಪ್ಪಿನ ಹೆಂಗಸನ್ನು ಕಾಣಬೇಕಾದರೆ ಅಲ್ಲಿಗೇ ಹೋಗಬೇಕು. ಬೈಕಿನಲ್ಲಿ ಹೋದರೂ ಕಾಣುವುದಿಲ್ಲ.

ಸತ್ಯವೇದದಲ್ಲಿ ಎಮ್ಮಾಹು ಅನ್ನೋ ಹಳ್ಳಿಯ ದಾರಿಯ ಕಥೆ ಬರುತ್ತದೆ. ಯೇಸುಸ್ವಾಮಿ ಸತ್ತು ಮೂರನೇ ದಿನ, ಇಬ್ಬರು ಶಿಷ್ಯರು ಎಲ್ಲ ಮುಗಿಯಿತು ಅಂತ ದುಃಖದಲ್ಲಿ ನಡೆಯುತ್ತಿರುತ್ತಾರೆ. ಹತ್ತು ಹನ್ನೊಂದು ಕಿಲೋಮೀಟರ್ ದಾರಿ. ಯಾರೋ ಒಬ್ಬ ಅಪರಿಚಿತ ಜೊತೆಗೂಡುತ್ತಾನೆ, ಮಾತಾಡುತ್ತಾ ಬರುತ್ತಾನೆ. ಅವನು ಯಾರು ಅಂತ ಅವರಿಗೆ ಗೊತ್ತಾಗುವುದು ದಾರಿ ಮುಗಿದ ಮೇಲೆ, ಊಟಕ್ಕೆ ಕೂತಾಗ. ನನಗೆ ಜೊತೆಗೆ ಬಂದವರು ಯಾರು ಅಂತ ತಡವಾಗಿ ಗೊತ್ತಾಗುವುದು ನಮ್ಮ ಮನೆಯಲ್ಲಿ ಮಾತ್ರ ಅಲ್ಲ ಅಂದುಕೊಂಡು ಈ ಕಥೆ ಓದಿದಾಗಲೆಲ್ಲ ಸ್ವಲ್ಪ ಸಮಾಧಾನ ಮಾಡಿಕೊಳ್ಳುತ್ತೇನೆ.

ಊರಿಗೆ ಹೋದಾಗ ಈಗ ಒಂಬತ್ತನೆಯ ಸ್ಥಳಕ್ಕೆ ತಪ್ಪದೆ ಹೋಗುತ್ತೇನೆ, ತಪಸ್ಸುಕಾಲ ಇರಲಿ ಬಿಡಲಿ. ಸ್ಕೂಟರ್ ಪಕ್ಕ ನಿಂತು ಒಂದು ಪರಲೋಕ ಮಂತ್ರ, ಒಂದು ನಮೋ ಮರಿಯಾ. ಆಮೇಲೆ ಮೆಲ್ಲಗೆ, ಶಾಪಿನವರಿಗೆ ಕೇಳಿಸದ ಹಾಗೆ, "ಇಲ್ಲಪ್ಪ, ಚಿಗುರಿಲ್ಲ. ಮರ ಇಲ್ಲ" ಅಂತ ಹೇಳಿ ಬರುತ್ತೇನೆ.

ಗುಂಡ್ಲುಪೇಟೆಯಲ್ಲಿ ಇನ್ನೂ ಹದಿಮೂರೇ ಸ್ಥಳ ಸಿಕ್ಕಿರುವುದು. ತಾಯಿಯನ್ನು ಎದುರುಗೊಳ್ಳುವ ಸ್ಥಳಕ್ಕೆ ಮೊದಲು ಗುರುತು ಮಾಡಿದ ಜಾಗ ಯಾಕೋ ಸರಿ ಅನ್ನಿಸದೆ ಬಿಟ್ಟೆ. ಅಲ್ಲಿಯ ಬಸ್ ಸ್ಟ್ಯಾಂಡನ್ನೇ ಮಾಡಿಕೊಳ್ಳೋಣ ಅಂದರೆ ಅದು ಅಪ್ಪನದನ್ನು ಕಾಪಿ ಹೊಡೆದ ಹಾಗಾಗುತ್ತದೆ. ಹುಡುಕುತ್ತಿದ್ದೇನೆ. ನಡೆದರೆ ಸಿಗುತ್ತದೆ.